ನೀರಿನ ಹೊಲದ ಸೈದಾಬಿ

ಕೊಲ್ಹಾರದ ಸೇತುವೆಯ ಹತ್ತಿರ ಬಸ್ಸು ನಿಂತಾಗ ಕಿಟಕಿಗೆ ಮೊಸರಿನ ಗಡಿಗೆ ಎತ್ತಿ ಹಿಡಿಯುವ ಹೆಂಗಸರು ಹಲವರಿದ್ದರು. ಉಳಿದವರು ಅಕ್ಕಾರ, ಅಣ್ಣಾರ ಎಂದು ಕೂಗುತ್ತಿದ್ದರೆ ಸೈದಾಬಿ ಬಾಯಿ ತೆರೆಯುತ್ತಿರಲಿಲ್ಲ. ಗಡಿಗೆಯನ್ನು ಬೋರಲು ಮಾಡಿ ಹಿಡಿಯುತ್ತಿದ್ದಳು. ಮೊಸರು ಬೀಳುತ್ತಿರಲಿಲ್ಲ. ಗಿರಾಕಿ ಚೌಕಾಸಿಗೆ ಇಳಿದರೆ ಗಡಿಗೆಯನ್ನು ನೆಟ್ಟಗೆ ಮಾಡಿಕೊಂಡು ಮುಂದಿನ ಕಿಟಕಿಗೆ ಹೋಗುತ್ತಿದ್ದಳು.

ಆಕೆಯನ್ನು ಒಳ್ಳೆಯ ಹೆಂಗಸು ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಸಿಟ್ಟಿನವಳು, ಹಟದವಳು, ತನ್ನದೇ ಸರಿ ಎನ್ನುವವಳು. ಆಕೆಯ ಬಗ್ಗೆ ಬರೆಯಲು ಕಾರಣ ಬೇರೆ. ಆಕೆ ತನ್ನ ಬದುಕಿನಿಂದ ಒಂದು ಪಾಠ ಕಲಿತಿದ್ದಳು. ಪಾಠ ಸರಿಯಾಗಿಯೇ ಇತ್ತು. ಅದನ್ನು ನಂಬಿ ನಡೆದದ್ದರಿಂದ ಆಕೆಯ ಹೊಲ ಹೋಯಿತು, ಆಕೆಯ ಜೊತೆಗೆ ಊರಿನ ಅರ್ಧ ಮಂದಿಯ ಹೊಲವೂ ಹೋಯಿತು.

ಸೈದಾಬಿಯ ತವರು ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಕೃಷ್ಣೆಯ ದಂಡೆಯ ಊರಿನಿಂದ ಕೃಷ್ಣೆಯ ದಂಡೆಯ ಊರಿಗೇ ಮದುವೆಯಾಗಿ ಬಂದಳು. ಆಗ ಕೊಲ್ಹಾರ ಈಗಿನ ಜಾಗದಲ್ಲಿ ಇರಲಿಲ್ಲ, ಕೆಳಗೆ ನದಿಯ ಹತ್ತಿರ ಇತ್ತು. ಗಂಡ ಮಹಮ್ಮದಹನೀಫ ಮೀನು ಹಿಡಿಯುತ್ತಿದ್ದ. ಮಾವ ಅಮೀನುದ್ದೀನನಿಗೆ ಎರೆ ಹೊಲವಿತ್ತು. ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ, ಬಾವಿಯ ಸುತ್ತ ಮಾವಿನ ಗಿಡಗಳು. ಬಾವಿಯನ್ನು ಮಾವನೇ ತನ್ನ ಅಣ್ಣತಮ್ಮಂದಿರ ಜೊತೆ ತೋಡಿದ್ದ.

ಅಣೆಕಟ್ಟಿನ ನೀರಿಗೆ ಊರು ಮುಳುಗುತ್ತದೆ ಎಂದಾಗ ಮನೆ, ಹೊಲ, ಬಾವಿ, ಗಿಡಗಳನ್ನು ಎಣಿಸುವವರು ಬಂದರು. ಎಣಿಸುವಾಗ ಒಡೆಯ ಎದುರಿಗೆ ನಿಂತು ಇದು ನನ್ನದು ಎಂದು ತೋರಿಸಬೇಕಿತ್ತು. ಅಮೀನುದ್ದೀನನಿಗೆ ಯಾರೋ ಹೇಳಿದ್ದರು, ಹೆಸರು ಬರೆಸಿದವರನ್ನು ಮೊದಲು ಎಬ್ಬಿಸುತ್ತಾರೆ ಎಂದು. ಆತ ದನಗಳನ್ನು ತಂಗಡಗಿಯ ಬೀಗರ ಮನೆಗೆ ಹೊಡೆದುಕೊಂಡು ಹೋಗಿ ಅಲ್ಲೇ ಕುಳಿತ. ಎಣಿಸುವವರು ಹೊಲದ ಬದುವಿನ ಮೇಲೆ ನಿಂತು ಕೂಗಿದರು, ಯಾರೂ ಬರಲಿಲ್ಲ. ಹೊಲವನ್ನು ಬರೆದುಕೊಂಡರು, ಬಾವಿಯನ್ನು ಬರೆದುಕೊಳ್ಳಲಿಲ್ಲ, ಮಾವಿನ ಗಿಡಗಳನ್ನೂ ಬರೆದುಕೊಳ್ಳಲಿಲ್ಲ. ಎದುರಿಗೆ ನಿಂತವರಿಗೆ ಹೊಸ ಊರಿನಲ್ಲಿ ದೊಡ್ಡ ರಸ್ತೆಯ ಬದಿಗೆ ಜಾಗ ಸಿಕ್ಕಿತು. ಅಮೀನುದ್ದೀನನಿಗೆ ಕೊನೆಯ ಸಾಲಿನಲ್ಲಿ, ಹಳ್ಳದ ಪಕ್ಕ ಸಿಕ್ಕಿತು. ಆತ ಅದೇ ಮನೆಯಲ್ಲಿ ಸತ್ತ. ಸೊಸೆ ಅದನ್ನು ಮರೆಯಲಿಲ್ಲ.

ಹಿನ್ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ಚಳಿಗಾಲದ ಆರಂಭದಿಂದಲೇ ಇಳಿಯತೊಡಗುತ್ತದೆ. ಇಳಿದಂತೆಲ್ಲ ಮುಳುಗಿದ ಹೊಲಗಳು ಮೈಮೇಲೆ ಹೊಸ ಮೆಕ್ಕಲು ಹೊದ್ದುಕೊಂಡು ಒಂದೊಂದಾಗಿ ಎದ್ದು ಬರುತ್ತವೆ. ಕೊಲ್ಹಾರದ ಜನ ಆ ಹೊಲಗಳಿಗೆ ಮರಳಿ ಹೋಗುತ್ತಿದ್ದರು. ಸಿಕ್ಕಸಿಕ್ಕ ಹೊಲಕ್ಕಲ್ಲ, ತಮ್ಮ ತಮ್ಮ ಹಳೆಯ ಹೊಲಕ್ಕೇ. ಒಬ್ಬರ ಬಾವಿಯ ಕಟ್ಟೆ, ಇನ್ನೊಬ್ಬರ ಬುಡ ಉಳಿದ ಬೇವು, ಅವೇ ಗುರುತು. ನೀರು ಇಳಿದ ಮೊದಲ ದಿನ ಅಕ್ಕಪಕ್ಕದ ಹೊಲದವರು ಇಬ್ಬರೂ ಬಂದು ಎದುರುಬದುರು ನಿಂತು ಗಡಿಯ ಕಲ್ಲು ಇಡುತ್ತಿದ್ದರು. ಕಲ್ಲಿಟ್ಟ ಮೇಲೆ ಬೆಲ್ಲ ಹಂಚಿಕೊಂಡು ತಿನ್ನುತ್ತಿದ್ದರು. ಜೋಳ, ಕಡಲೆ, ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದವು. ಮುಂದಿನ ನೀರು ಏರುವುದರೊಳಗೆ ಕಿತ್ತುಕೊಂಡು ಬರುತ್ತಿದ್ದರು. ಇಷ್ಟು ವರ್ಷಗಳಲ್ಲಿ ಆ ಕಲ್ಲುಗಳ ಸಲುವಾಗಿ ಒಂದು ಜಗಳವೂ ಪೊಲೀಸರವರೆಗೆ ಹೋಗಲಿಲ್ಲ.

ಆದರೆ ಆ ಭೂಮಿ ಅವರದಲ್ಲ. ಸರಕಾರ ಅದಕ್ಕೆ ಪರಿಹಾರ ಕೊಟ್ಟು ಮುಗಿಸಿತ್ತು. ಇದು ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಊರಿನಲ್ಲಿ ಒಂದು ನಡಾವಳಿ ಬೆಳೆದಿತ್ತು. ಹೊರಗಿನವರು ಯಾರೇ ಬಂದು ಇದು ಯಾರ ಹೊಲ ಎಂದು ಕೇಳಿದರೂ ಒಂದೇ ಉತ್ತರ: ನೀರಿನದು. ಸಣ್ಣ ಹುಡುಗರಿಗೂ ಅದನ್ನು ಹೇಳಿಕೊಟ್ಟಿದ್ದರು. ಹೆಸರು ಹೇಳದ ಮೇಲೆ ಯಾರನ್ನು ಎಬ್ಬಿಸುವುದು? ಅಧಿಕಾರಿಗಳಿಗೂ ಇದು ಅನುಕೂಲವೇ ಆಗಿತ್ತು. ಯಾರೂ ಇಲ್ಲ ಎಂದು ಬರೆದುಕೊಂಡು ಚಹಾ ಕುಡಿದು ಹೋಗುತ್ತಿದ್ದರು.

ಸೈದಾಬಿಯ ಹೊಲ ಬೇಗ ಏಳುವ ಮೇಲಿನ ಪಟ್ಟಿಯಲ್ಲಿತ್ತು. ಅಲ್ಲಿಯ ಜೋಳದ ಕಣಿಕೆಯಿಂದಲೇ ಆಕೆಯ ಎಮ್ಮೆಗಳು ವರ್ಷ ತೆಗೆಯುತ್ತಿದ್ದವು. ಹೊಲವಿಲ್ಲದೆ ಮೇವಿಲ್ಲ, ಮೇವಿಲ್ಲದೆ ಎಮ್ಮೆಯಿಲ್ಲ, ಎಮ್ಮೆಯಿಲ್ಲದೆ ಸೇತುವೆಯ ಮೇಲೆ ನಿಲ್ಲುವ ಕೆಲಸವಿಲ್ಲ. ಆಕೆಯ ಬದುಕು ಇಷ್ಟರ ಮೇಲೆ ನಿಂತಿತ್ತು. ಪಕ್ಕದ ಹೊಲ ಬಾಳಮ್ಮನದು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಬಾಳಮ್ಮನ ಹೊಲದ ಆಚೆಗೆ ಶೆಟ್ಟೆವ್ವನದು. ಆಕೆ ಇಬ್ಬರಿಗಿಂತ ಹಿರಿಯಳು, ಗಂಡನಿಲ್ಲ, ಬಾಯಿ ಜೋರು.

ಹೀಗಿರುವಾಗ ಹಿನ್ನೀರಿನಲ್ಲಿ ದೇಶಮಟ್ಟದ ದೋಣಿ ಸ್ಪರ್ಧೆಗಳ ಕೂಟ ನಡೆಯುತ್ತದೆ ಎಂಬ ಸುದ್ದಿ ಬಂತು. ಕೂಟಕ್ಕೆ ಒಂದು ಸಮಿತಿ ಆಯಿತು. ಸಮಿತಿಗೆ ಬಸವನ ಬಾಗೇವಾಡಿಯಲ್ಲಿ ಬಾಡಿಗೆಯ ಕಚೇರಿ ಆಯಿತು. ಲಕ್ಷಗಟ್ಟಲೆ ಜನ ಬರುತ್ತಾರೆಂದು ಅಂದಾಜು ಹಾಕಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆಯಿಂದ ಬಸ್ಸುಗಳನ್ನು ತಂದು ಜನರನ್ನು ನೀರಿನ ಅಂಚಿಗೆ ಇಳಿಸಬೇಕು. ಅಷ್ಟು ಬಸ್ಸುಗಳು ನಿಲ್ಲಲು, ತಿರುಗಲು ಸಮತಟ್ಟಾದ ಬಯಲು ಬೇಕು. ಕೂಟ ಮುಗಿದ ಮೇಲೆ ಅದೇ ಬಯಲಿನ ಸುತ್ತ ಅಂಗಡಿ, ವಸತಿ, ಉದ್ಯಾನ ಬೆಳೆಯಬೇಕು. ಆ ನಕ್ಷೆಯನ್ನು ನಾನು ನೋಡಿದ್ದೇನೆ. ಕೆಟ್ಟ ನಕ್ಷೆಯಲ್ಲ. ಬಸ್ಸು ಬರುವ ದಾರಿ, ಹೋಗುವ ದಾರಿ, ನಡೆಯುವವರ ದಾರಿ ಎಲ್ಲ ಬೇರೆ ಬೇರೆ ಬಣ್ಣಗಳಲ್ಲಿದ್ದವು. ಜೋಳಕ್ಕೆ ಬಣ್ಣವಿರಲಿಲ್ಲ.

ಬಯಲಿಗೆ ಎರಡು ಜಾಗ ನೋಡಿದ್ದರು. ಒಂದು ಹೆದ್ದಾರಿಗೆ ಹತ್ತಿದ ಎತ್ತರದ, ಸಣ್ಣ ಕಲ್ಲಿನ ಗರಸು ನೆಲ. ಅದು ಬಸಂತರಾಯ ಎಂಬ ಜಮೀನುದಾರನದು, ಪರಿಹಾರ ಕೊಡಬೇಕು. ಇನ್ನೊಂದು ಹಿನ್ನೀರಿನ ಅಂಚಿನ ಮೇಲಿನ ಪಟ್ಟಿ. ಕೂಟ ಮುಂದಿನ ವರ್ಷದ ಚಳಿಗಾಲ ಮುಗಿಯುವಾಗ, ಅಷ್ಟರಲ್ಲಿ ಆ ಪಟ್ಟಿ ಎದ್ದಿರುತ್ತದೆ. ಅದು ಸರಕಾರದ್ದು, ಪುಕ್ಕಟೆ. ಅಲ್ಲಿ ಯಾರಾದರೂ ಇದ್ದಾರೆಯೇ ಎಂಬುದೊಂದೇ ಪ್ರಶ್ನೆ. ಅದನ್ನು ತಿಳಿದುಕೊಳ್ಳಲು ಅಮಿತ ಎಂಬ ಯೋಜನಾ ಎಂಜಿನಿಯರನನ್ನು ಕಳಿಸಿದರು.

ಅಮಿತ ವಿಜಯಪುರದವನೇ. ಜನವರಿಯ ಒಂದು ಬೆಳಿಗ್ಗೆ ಮೋಟರ್ ಸೈಕಲ್ಲನ್ನು ಬದುವಿಗೆ ನಿಲ್ಲಿಸಿ ಕಡಲೆಯ ನಡುವೆ ಇಳಿದು ಬಂದ. ಮೂವರು ಹೆಂಗಸರೂ ಕಳೆ ತೆಗೆಯುತ್ತಿದ್ದರು.

"ಇದು ಯಾರ ಹೊಲಾರೀ?"

"ನೀರಿಂದ್ರಿ," ಎಂದಳು ಬಾಳಮ್ಮ, ತಲೆ ಎತ್ತದೆ.

"ನೀರ ಬಿತ್ತೈತೇನ್ರಿ ಕಡ್ಲಿ?"

"ಹೌದ್ರಿ. ಭಾಳ ಶ್ಯಾಣ್ಯಾ ಐತ್ರಿ ನಮ್ಮ ನೀರು."

"ಸಾಲು ಹಿಡದು ಬಿತ್ತೈತಲ್ರಿ ಮತ್ತ?"

"ಸಾಲಿ ಕಲ್ತೈತ್ರಿ," ಎಂದಳು ಶೆಟ್ಟೆವ್ವ. "ನಿಮ್ಮಷ್ಟಲ್ಲ ಬಿಡ್ರಿ."

ಅಮಿತ ನಕ್ಕ, ಬದುವಿನ ಮೇಲೆ ಕುಳಿತ, ಕೊಟ್ಟ ಹಸಿ ಕಡಲೆ ಬಿಡಿಸಿಕೊಂಡು ತಿಂದ. ಆಮೇಲೆ ವಿಷಯ ಹೇಳಿದ. ಇಲ್ಲಿ ಬಸ್ಸಿನ ಬಯಲು ಆಗಬಹುದು. ಆದರೆ ಬಯಲಿನಿಂದ ಬದುಕು ಕಳೆದುಕೊಳ್ಳುವವರಿಗೆ ಹೊಸ ಬಸ್ ನಿಲ್ದಾಣದಲ್ಲಿ ಮಳಿಗೆ ಕೊಡಬೇಕೆಂದು ತಾನು ವರದಿಯಲ್ಲಿ ಬರೆಯುವವನಿದ್ದೇನೆ. ಇನ್ನು ಕೆಲವು ದಿನಕ್ಕೆ ಡ್ರೋನ್ ಹಾರಿಸಿ ಮೇಲಿನಿಂದ ಚಿತ್ರ ತೆಗೆಯುತ್ತಾರೆ. ಅಂದು ಎಲ್ಲರೂ ತಮ್ಮ ತಮ್ಮ ಹೊಲದಲ್ಲಿ ನಿಂತಿರಬೇಕು.

"ಯಾರೂ ಕಾಣಲಿಲ್ಲ ಅಂದ್ರ ಖಾಲಿ ಜಾಗಾ ಅಂತ ಬರೀತಾರ್ರಿ. ಆಮ್ಯಾಲ ನಾ ಏನ್ ಹೇಳಿದ್ರೂ ನಡ್ಯಂಗಿಲ್ಲ."

ಸೈದಾಬಿ ಕುಡುಗೋಲು ಕೆಳಗಿಟ್ಟಳು. "ಮಳಗಿ ಕೊಡ್ತೀವಿ ಅಂತ ಬರದ ಕೊಡ್ತೀರೇನ್ರಿ?"

"ಬರದು ಕೊಡೂ ಅಧಿಕಾರ ನನಗಿಲ್ರೀ ಅವ್ವಾರ. ಆದ್ರ ವರದಿ ಬರ್ಯಾಂವ ನಾನ."

"ನಿಂತರ ಎಣಸ್ತೀರಿ."

"ಹೌದ್ರಿ."

"ನಿಂದರಲಿಲ್ಲ ಅಂದ್ರ ಎಣಸಂಗಿಲ್ಲ."

"ಇಲ್ರಿ."

ಈ ಮಾತನ್ನು ಆಕೆ ಮೂವತ್ತು ವರ್ಷಗಳ ಹಿಂದೆಯೇ ಕೇಳಿದ್ದಳು. ಬಾವಿಯ ಕಟ್ಟೆ ಅಲ್ಲೇ, ಕಡಲೆಯ ಆಚೆ, ಕರಿಕಲ್ಲಿನ ಉಂಗುರದ ಹಾಗೆ ಎದ್ದು ಕಾಣುತ್ತಿತ್ತು.

ಅಮಿತ ಸುಳ್ಳು ಹೇಳಿದನೆಂದು ನಾನು ನಂಬುವುದಿಲ್ಲ. ಆತ ತಾನು ಹೇಳಿದ್ದನ್ನು ನಂಬಿದ್ದ. ತನ್ನ ವರದಿಯನ್ನು ಓದುವವರು ಅದನ್ನು ತನ್ನ ಹಾಗೆಯೇ ಓದುತ್ತಾರೆಂದು ತಿಳಿದಿದ್ದ. ಇಷ್ಟು ಕಲಿತವನಿಗೆ ಅಷ್ಟು ತಿಳಿಯದೇ ಇದ್ದದ್ದು ಕ್ಷಮಿಸುವಂಥದ್ದಲ್ಲ.

ಅಂದು ಮನೆಯಲ್ಲಿ ಹನೀಫ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತ ಕುಳಿತಿದ್ದ. ಹೆಂಡತಿ ಹೇಳಿದ್ದನ್ನು ಕೇಳಿ ತಲೆಯಾಡಿಸಿದ.

"ನಿಂದರಬ್ಯಾಡ."

"ನಿಮ್ಮ ಅಬ್ಬಾನೂ ಹಿಂಗ ಅಂದಿದ್ರು."

"ಸತ್ತಾರಲ್ಲ, ಇನ್ನಾರ ಬಿಡು ಅವ್ರನ್ನ."

"ಹ್ಯಾಂಗ ಬಿಡ್ಲಿ? ವರ್ಷಾ ನೀರ ಇಳೀತಂದ್ರ ಬಾವಿ ಎದ್ದ ಬಂದು ಕುಂದರತೈತಿ. ನಿಮ್ಮ ಅಬ್ಬಾ ಒಂದ ದಿನ ಹೊಲ್ದಾಗ ನಿಂತಿದ್ರ ಇವತ್ತ ನಾವು ದೊಡ್ಡ ರಸ್ತಾಕ್ಕ ಇರ್ತಿದ್ವಿ."

"ಅವಾಗ ಹೊಲಾ ನಮ್ಮದಿತ್ತು. ಈಗ ನಮ್ದಲ್ಲ. ಅದೂ ಇದೂ ಒಂದ ಏನು?"

"ಬಿತ್ತಾಂವ ಯಾರು?"

"ಬಿತ್ತಾಂವ ಬ್ಯಾರೆ, ಹೇಳಾಂವ ಬ್ಯಾರೆ. ಮೀನ ಹಿಡ್ಯಾಂವ ಬಾಯಿ ಮುಚಗೊಂಡು ಇರಬೇಕು."

"ಅದಕ್ಕ ನಿಮಗ ಬರೇ ಮೀನ ಸಿಗತಾವು," ಎಂದು ಆಕೆ ಎದ್ದು ಎಮ್ಮೆ ಹಿಂಡಲು ಹೋದಳು.

ಹನೀಫನ ಮಾತಿನಲ್ಲೇ ಆಗ ಬುದ್ಧಿಯಿತ್ತು. ಆದರೆ ಆತ ಅದನ್ನು ಎರಡನೆಯ ಸಲ ಹೇಳಲಿಲ್ಲ. ಹೆಂಡತಿಯ ಎದುರು ಯಾವುದನ್ನೂ ಎರಡನೆಯ ಸಲ ಹೇಳಿ ಆತನಿಗೆ ರೂಢಿಯಿರಲಿಲ್ಲ.

ತಾನೊಬ್ಬಳೇ ನಿಂತಿದ್ದರೆ ಸೈದಾಬಿಯ ಕಥೆ ಆಕೆಯದೇ ಕಥೆಯಾಗಿ ಉಳಿಯುತ್ತಿತ್ತು. ಆಕೆ ಹಾಗೆ ಮಾಡಲಿಲ್ಲ. ಮೇಲಿನ ಪಟ್ಟಿಯಲ್ಲಿ ಬಿತ್ತುತ್ತಿದ್ದ ಪ್ರತಿ ಮನೆಗೂ ಹೋಗಿ ನಿಲ್ಲಲು ಹೇಳಿದಳು. ಅನುಮಾನಿಸಿದವರಿಗೆ ಬಾವಿಯ ಕಥೆ ಹೇಳಿದಳು. ಹಳೆಯ ಊರನ್ನು ಕಂಡವರೆಲ್ಲರ ಮನೆಯಲ್ಲೂ ಎಣಿಕೆಗೆ ಬಾರದೆ ಹೋದ ಏನೋ ಒಂದು ಇತ್ತು, ಕೊಟ್ಟಿಗೆಯೋ, ಕಣವೋ, ಹುಣಸೆ ಗಿಡವೋ. ಹಾಗಾಗಿ ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ.

ಬಾಳಮ್ಮ ಒಪ್ಪಿದಳು. "ನಿನ್ನ ಬೆನ್ನ ಹತ್ತಿ ಕೆಟ್ರೂ ಜೋಡೀಲೆ ಕೆಡ್ತೀವಿ ಬಿಡವಾ. ಒಬ್ಬಾಕಿನ ಕೆಡೂದಕ್ಕಿಂತ ಚೊಲೋ."

ಶೆಟ್ಟೆವ್ವ ಒಪ್ಪಲಿಲ್ಲ.

"ನಾ ನಿಂದರಂಗಿಲ್ಲ. ಮ್ಯಾಲಿಂದ ನೋಡಾಂವ ಒಬ್ಬ ಅದಾನ, ಸಾಕು ನನಗ."

"ಅವ ಮಳಗಿ ಕೊಡ್ತಾನೇನು?" ಎಂದಳು ಸೈದಾಬಿ.

"ಕೊಡಂಗಿಲ್ಲ. ಹೆಸರೂ ಕೇಳಂಗಿಲ್ಲ."

"ನಾಳೆ ಎಲ್ಲಾರಿಗೂ ಮಳಗಿ ಸಿಕ್ಕು ನೀ ಒಬ್ಬಾಕಿ ಬಿಸಲಾಗ ಕುಂತಾಗ ನನ್ನ ಕಡೆ ಬರಬ್ಯಾಡ."

"ಬಂದ್ರ ಮೊಸರ ಕೊಡು, ಬುದ್ಧಿ ಕೊಡಬ್ಯಾಡ. ಯಾರ ಕೇಳಿದ್ರೂ ನೀರಿಂದು ಅನ್ನಬೇಕು ಅಂತ ನಮ್ಮತ್ತಿ ಹೇಳ್ಯಾಳ. ನಾ ಅದನ್ನ ಅಂತೇನಿ."

ಸುತ್ತ ಇದ್ದ ಹೆಂಗಸರು ಶೆಟ್ಟೆವ್ವನನ್ನು ನೋಡಿ ನಕ್ಕರು. ಮುದುಕಿಗೆ ಕಾಲ ಬದಲಾದದ್ದು ಗೊತ್ತಿಲ್ಲ ಎಂದರು.

ಡ್ರೋನ್ ಬಂದ ದಿನ ಊರು ಮದುವೆಗೆ ಹೋದಂತೆ ಹೊಲಕ್ಕೆ ಹೋಯಿತು. ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು. ಸೈದಾಬಿ ಹಸಿರು ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಬಿಗಿದು, ಬಾವಿಯ ಕಟ್ಟೆಯ ಮೇಲೆ ಹತ್ತಿ ನಿಂತಳು. ಡ್ರೋನಿನ ಗುಂಯ್ ಸದ್ದಿಗೆ ಎಮ್ಮೆಗಳು ಹಗ್ಗ ಕಿತ್ತುಕೊಂಡು ನೀರಿಗೆ ಓಡಿದವು. ಅವನ್ನು ಹಿಡಿಯಲು ಹೊರಟವರನ್ನು ಸೈದಾಬಿ ಬೈದು ನಿಲ್ಲಿಸಿದಳು. ಡ್ರೋನ್ ಹಾರಿಸುವವನು ಮೇಲೆ ನೋಡಿ ಕೈ ಎತ್ತಿರಿ ಎಂದ. ಎಲ್ಲರೂ ಕೈ ಎತ್ತಿದರು. ಆಮೇಲೆ ಒಬ್ಬ ಹೊಲದಿಂದ ಹೊಲಕ್ಕೆ ಬಂದು ಹೆಸರು ಕೇಳಿಕೊಂಡ. ಇಷ್ಟು ವರ್ಷ ನೀರಿನದು ಎನ್ನುತ್ತಿದ್ದವರು ಅಂದು ಒಬ್ಬರಾದ ಮೇಲೊಬ್ಬರು ನನ್ನದು ಎಂದರು. ಶೆಟ್ಟೆವ್ವನ ಹೊಲದಲ್ಲಿ ಜೋಳ ಮಾತ್ರ ನಿಂತಿತ್ತು.

ಮಳೆಗಾಲ ಬಂತು, ಹೊಲಗಳು ಮುಳುಗಿದವು. ನೀರು ಮತ್ತೆ ಇಳಿಯುವ ಮೊದಲೇ ಸಮಿತಿಯಿಂದ ಕರೆ ಬಂತು. ನಿಂತವರೆಲ್ಲ ಬಸವನ ಬಾಗೇವಾಡಿಯ ಕಚೇರಿಗೆ ಬರಬೇಕು. ಮಳಿಗೆ ಹಂಚುತ್ತಾರೆಂದು ಎಲ್ಲರೂ ತಿಳಿದರು. ಬಾಳಮ್ಮ ಬಸ್ಸಿನಲ್ಲಿ ತನ್ನ ಮಳಿಗೆ ಮೂಲೆಯದೇ ಆಗಬೇಕೆಂದು ಹೇಳುತ್ತಿದ್ದಳಂತೆ. ಮೂಲೆಗೆ ಎರಡು ಕಡೆಯ ಗಿರಾಕಿ.

ಕಚೇರಿಯ ಗೋಡೆಯ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಹಾಕಿದ್ದರು. ಕಂದು ನೆಲ, ಹಸಿರು ಪಟ್ಟಿಗಳು, ಪಟ್ಟಿಗೊಬ್ಬರಂತೆ ಕೈ ಎತ್ತಿದ ಜನ. ಸೈದಾಬಿ ಹತ್ತಿರ ಹೋಗಿ ತನ್ನನ್ನು ಹುಡುಕಿಕೊಂಡಳು. ಬಾವಿ ಕೂಡ ಬಂದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ಬಾಳಮ್ಮನಿಗೆ ತೋರಿಸಿದಳು.

ಮೇಜಿನ ಹಿಂದೆ ಕುಳಿತಿದ್ದ ಸಮಿತಿಯ ವಕೀಲ ಕೇಳಿದ, "ಅದರಾಗ ಇರೋದು ನೀವೇ ಏನಮ್ಮಾ?"

"ಹೌದ್ರಿ, ನಾನ. ಬಾವಿ ಮ್ಯಾಲ ನಿಂತಾಕಿ."

"ಆ ಹೊಲಾ ಬಿತ್ತಿದವರು?"

"ನಾನ್ರಿ."

"ಪ್ರತಿ ವರ್ಷ?"

"ನೀರ ಇಳ್ದ ವರ್ಷಾ ವರ್ಷಾನೂ ಬಿತ್ತೇನ್ರಿ. ಒಂದೂ ಬಿಟ್ಟಿಲ್ಲ."

ಆಕೆ ಹೆಮ್ಮೆಯಿಂದ ಹೇಳಿದಳು. ವಕೀಲನಿಗೆ ಬೇಕಾಗಿದ್ದದ್ದೂ ಅದೇ. ಸರಕಾರಿ ಭೂಮಿಯನ್ನು ವರ್ಷಗಟ್ಟಲೆ ಅತಿಕ್ರಮಣ ಮಾಡಿದ್ದನ್ನು ನೀವೇ ಒಪ್ಪಿದ್ದೀರಿ ಎಂದ. ಅತಿಕ್ರಮಣ ಮಾಡಿದವರಿಗೆ ಮಳಿಗೆ ಕೊಡಲು ಬರುವುದಿಲ್ಲ, ಮಳಿಗೆಗಳು ಹರಾಜಿಗೆ ಹೋಗುತ್ತವೆ ಎಂದ. ಇನ್ನು ಮುಂದೆ ಹಿನ್ನೀರಿನ ಯಾವ ಭೂಮಿಗೂ ಕಾಲಿಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಇಲ್ಲಿಗೆ ಮುಗಿಯುತ್ತದೆ, ಇಲ್ಲದಿದ್ದರೆ ಮನೆಮನೆಗೆ ಕೇಸು ಎಂದ.

ಅಮಿತ ಬಾಗಿಲ ಬಳಿ ಕುಳಿತು ಲ್ಯಾಪ್‌ಟಾಪ್ ನೋಡುತ್ತಿದ್ದ. ಸೈದಾಬಿ ಅವನ ಎದುರಿಗೆ ಹೋಗಿ ನಿಂತಳು.

"ನಿಂತರ ಎಣಸ್ತೇವಿ ಅಂದಿದ್ದೆಲ್ಲ ತಮ್ಮಾ."

"ನಾ ವರದಿ ಸರೀನ ಬರದೇನ್ರಿ ಅವ್ವಾರ. ನಿಮ್ಮನ್ನ ಎಬ್ಬಿಸಿದ್ರ ಮಳಗಿ ಕೊಡಬೇಕು ಅಂತ ಬರದೇನಿ. ಅವರು ಫೋಟೋ ಇಟಗೊಂಡು ಆ ಹಾಳಿ ತಗದ್ರು."

"ನೀ ಏನಂದಿ?"

ಅಮಿತ ಲ್ಯಾಪ್‌ಟಾಪ್ ಮುಚ್ಚಿದ.

"ನಿಂದರ್ರಿ ಅಂತ ನಮಗ ಹೇಳಿದಿ. ಅಲ್ಲಿ ನಿನಗ ನಿಂದರಾಕ ಆಗಲಿಲ್ಲ?"

ವಕೀಲ ಮುಂದಿನ ಹೆಸರು ಕರೆದ. ಸೈದಾಬಿಗೆ ಸಹಿ ಮಾಡಲು ಬರುತ್ತಿತ್ತು, ಮಾಡಿದಳು. ಬಾಳಮ್ಮ ಹೆಬ್ಬೆಟ್ಟು ಒತ್ತಿದಳು. ಮರಳುವ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು.

ನಿಲ್ಲದಿದ್ದರೂ ಬಸ್ಸಿನ ಬಯಲು ಆಗುತ್ತಿತ್ತು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆಗುತ್ತಿತ್ತು. ಆದರೆ ಕೂಟ ಮುಗಿದ ಮೇಲೆ ಜನ ಬಯಲಿಗೆ ಸೇರದ ಕೆಳಗಿನ ಪಟ್ಟಿಗೆ ಇಳಿದು, ಅಲ್ಲಿಯವರ ಜೊತೆ ಮಾತಾಡಿಕೊಂಡು, ಹೊಸ ಕಲ್ಲಿಟ್ಟು ಬಿತ್ತುತ್ತಿದ್ದರು. ಕೇಳಿದರೆ ನೀರಿನದು ಎನ್ನುತ್ತಿದ್ದರು. ಹೆಸರಿಲ್ಲದವರನ್ನು ತಡೆಯಲು ಯಾರಿಗೂ ಆಗುತ್ತಿರಲಿಲ್ಲ. ಈಗ ಹೆಸರು, ಮುಖ, ಎತ್ತಿದ ಕೈ ಎಲ್ಲ ಸಮಿತಿಯ ಬಳಿ ಇದ್ದವು.

ನೀರು ಇಳಿದ ತಕ್ಷಣ ಲಾರಿಗಳು ಬಂದವು. ಗರಸು ಮಣ್ಣು ಸುರಿದು ರೋಲರ್ ಓಡಿಸಿದರು. ಬಾವಿಗೆ ಕಲ್ಲು ತುಂಬಿ ಮುಚ್ಚಿದರು, ಬಸ್ಸಿನ ಗಾಲಿ ಸಿಕ್ಕಬಾರದೆಂದು. ಹೆದ್ದಾರಿಯಿಂದ ಬಯಲಿಗೆ ರಸ್ತೆ ಬೇಕಾಯಿತು. ಅದು ಬಸಂತರಾಯನ ಎತ್ತರದ ನೆಲದ ನಡುವೆ ಹಾದುಹೋಯಿತು. ಆತ ರಸ್ತೆಗೆ ಜಾಗ ಬಿಟ್ಟುಕೊಟ್ಟದ್ದಕ್ಕೆ ಸಮಿತಿ ಶಾಲು ಹೊದಿಸಿತು. ರಸ್ತೆಯ ಎರಡೂ ಬದಿಗೆ ಆತ ನಿವೇಶನದ ಕಲ್ಲು ನೆಟ್ಟ. ಆ ಕಲ್ಲಿಗೆ ಬೆಲ್ಲ ಹಂಚುವ ಪದ್ಧತಿ ಇಲ್ಲ.

ಕೂಟ ಚೆನ್ನಾಗಿಯೇ ನಡೆಯಿತು. ದೋಣಿಗಳು ಓಡಿದವು, ಜನ ಸೇರಿದರು, ಅಂದಾಜು ಮಾಡಿದಷ್ಟಲ್ಲ. ಆ ದಿನಗಳಲ್ಲಿ ಹಳ್ಳಿಗಳ ಬಸ್ಸುಗಳೆಲ್ಲ ಕೂಟಕ್ಕೆ ಬಂದಿದ್ದವು. ಝಳಕಿಯಿಂದ ಇಂಡಿಯ ಕಾಲೇಜಿಗೆ ಹೋಗುವ ಹುಡುಗಿಯರು ಹೆದ್ದಾರಿಯಲ್ಲಿ ನಿಂತು ಲಾರಿಗಳಿಗೆ ಕೈ ಮಾಡಿದರು. ಸೇತುವೆಯ ಹತ್ತಿರ ಒಂದು ಬಸ್ಸೂ ನಿಲ್ಲಲಿಲ್ಲ, ನೇರ ಬಯಲಿಗೆ ಹೋದವು. ಬಯಲಿನೊಳಗೆ ಹರಾಜು ಹಿಡಿದವರು ಬಿಟ್ಟರೆ ಬೇರೆಯವರು ಮಾರುವಂತಿರಲಿಲ್ಲ. ಸೈದಾಬಿ ಮೊದಲ ದಿನ ಗಡಿಗೆಗಳ ಜೊತೆ ಬಯಲಿನ ಗೇಟಿನವರೆಗೆ ಹೋದಳು.

"ಒಳಗ ಬಿಡಂಗಿಲ್ರೀ ಅಜ್ಜಿ," ಎಂದ ಕಾವಲಿನವನು. "ನಿಮಗಿಲ್ಲಿ ಏನೈತಿ?"

"ಬಾವಿ ಐತಿ," ಎಂದು ಹೇಳಿ ಆಕೆ ತಿರುಗಿದಳು. ಅವನಿಗೆ ಏನೂ ತಿಳಿಯಲಿಲ್ಲ. ಆ ದಿನದ ಮೊಸರು ಹುಳಿಯಾಗಿ ಎಮ್ಮೆಗಳಿಗೇ ಹೋಯಿತು.

ಅಮಿತನಿಗೆ ಬೇರೆ ಜಿಲ್ಲೆಯಲ್ಲಿ ಬೇರೆ ಕೂಟದ ಕೆಲಸ ಸಿಕ್ಕಿತು. ಮುಂದಿನ ಮಳೆಗಾಲದಲ್ಲಿ ಹಿನ್ನೀರು ಎಂದಿನಂತೆ ಏರಿ ಬಯಲಿನಲ್ಲಿ ಕಟ್ಟಿದ ಬಸ್ ನಿಲ್ದಾಣದ ತಗಡಿನ ಮಾಡಿನವರೆಗೆ ಬಂತು. ಪ್ರಯಾಣಿಕರು ಕುಳಿತುಕೊಳ್ಳುವ ಸಿಮೆಂಟಿನ ಬೆಂಚುಗಳ ಮೇಲೆ ಮೀನು ಓಡಾಡಿದವು. ಹನೀಫ ಅಲ್ಲಿ ಬಲೆ ಹಾಕಿದ. ಬಸ್ಸುಗಳು ಹಳೆಯ ಹಾದಿಗೆ ಮರಳಿದವು, ಆದರೆ ಸೇತುವೆಯ ಬಳಿಯ ನಿಲುಗಡೆ ಮರಳಲಿಲ್ಲ. ಕೂಟದ ಕಾಲದಲ್ಲಿ ತೆಗೆದದ್ದನ್ನು ಮತ್ತೆ ಹಾಕುವುದು ಯಾರ ಕೆಲಸವೂ ಆಗಿರಲಿಲ್ಲ. ಯಾರನ್ನಾದರೂ ಇಳಿಸುವುದಿದ್ದರೆ ಮಾತ್ರ ಬಸ್ಸು ನಿಲ್ಲುತ್ತಿತ್ತು.

ನೀರು ಇಳಿದಾಗ ಗರಸು ಹಾಗೆಯೇ ಇತ್ತು. ಅದರ ಮೇಲೆ ಜಾಲಿ ಕೂಡ ಸರಿಯಾಗಿ ಏಳಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟವರು ಕೆಳಗಿನ ಪಟ್ಟಿಗೆ ಇಳಿಯುವ ಹಾಗಿರಲಿಲ್ಲ. ಸೈದಾಬಿ ಎಮ್ಮೆಗಳನ್ನು ಮಾರಿ ಒಂದನ್ನು ಉಳಿಸಿಕೊಂಡಳು. ಊರಿನಲ್ಲಿ ಆಕೆಗೆ ನಿಂದರಿಸಿದಾಕಿ ಎಂದು ಹೆಸರು ಬಿತ್ತು. ಎದುರಿಗೂ ಹಾಗೆಯೇ ಅನ್ನುತ್ತಿದ್ದರು. ಒಮ್ಮೆ ನೀರಿನ ನಲ್ಲಿಯ ಹತ್ತಿರ ಬಾಳಮ್ಮ ಎಲ್ಲರ ನಡುವೆ ಅಂದಳು.

"ನಿನ್ನ ಮಾತ ಕೇಳಿ ಕೈ ಎತ್ತಿದ್ನೆಲ್ಲ, ಆ ಕೈಲೇ ಈಗ ಮಂದಿ ಹೊಲದಾಗ ಕಳೇ ತಗ್ಯಾಕತ್ತೇನಿ."

ಜೋಡಿಯಾಗಿ ಕೆಡುವ ಮಾತನ್ನು ಸೈದಾಬಿ ಆಕೆಗೆ ನೆನಪಿಸಬಹುದಿತ್ತು. ಕೊಡ ತುಂಬಿಕೊಂಡು ಹೋದಳು.

ಶೆಟ್ಟೆವ್ವನ ಹೊಲ ಬಯಲಿನ ಗಡಿಯಾಚೆಗೆ ಉಳಿದಿತ್ತು. ಆಕೆಯ ಹೆಸರು ಎಲ್ಲಿಯೂ ಇರಲಿಲ್ಲ. ಆಕೆ ಎಂದಿನಂತೆ ಬಿತ್ತಿದಳು. ಒಂದು ದಿನ ಸೈದಾಬಿಯ ಬಾಗಿಲಿಗೆ ಬಂದು ನಿಂತು, "ನಿನ್ನ ಎಮ್ಮಿ ಎಲಬು ಕಾಣಾಕತ್ತಾವು. ಬಾ, ಮೇವ ಕೊಯ್ಕೊಂಡ ಹೋಗು," ಎಂದಳು. "ಪುಕಟ ಅಲ್ಲ ಮತ್ತ. ದಿನಾ ಒಂದ ಗಡಗಿ ಮೊಸರ."

"ಒಂದ ಎಮ್ಮಿಗೆ ಒಂದ ಗಡಗಿ ನಿನಗ ಕೊಟ್ರ ನಾ ಏನ ಮಾರ್ಲಿ?"

"ಹಂಗಾರ ಅರ್ಧಾ. ಬುದ್ಧಿ ಮಾತ್ರ ಬ್ಯಾಡ."

ಸೈದಾಬಿ ಹೋದಳು. ಮುಚ್ಚಳಿಕೆಯನ್ನು ಮೀರಿ ಹೋದಳು ಎನ್ನಬೇಕು. ಬೇರೆ ದಾರಿ ಇರಲಿಲ್ಲ.

ಈ ಫೆಬ್ರವರಿಯಲ್ಲಿ ಆಕೆ ಶೆಟ್ಟೆವ್ವನ ಜೋಳದಲ್ಲಿ ಮೇವು ಕೊಯ್ಯುತ್ತಿದ್ದಾಗ ಗರಸಿನ ಬಯಲು ದಾ‌ಟಿ ಒಬ್ಬ ಬಂದ. ಹೊಸಬ, ಕೈಯಲ್ಲಿ ಟ್ಯಾಬ್. ಹಿನ್ನೀರಿನ ದಂಡೆಯ ಅಭಿವೃದ್ಧಿಗೆ ಎರಡನೆಯ ಹಂತದ ನಕ್ಷೆ ಆಗುತ್ತಿದೆ ಎಂದ. ಒಳ್ಳೆಯ ಮಾತಿನವನೇ. ದಂಡೆಯಲ್ಲಿ ಬೇಸಾಯ ಮಾಡುವವರಿಗೆ ಈ ಸಲ ಅನ್ಯಾಯ ಆಗಬಾರದು, ಅದಕ್ಕೇ ಕೇಳುತ್ತಿದ್ದೇನೆ ಎಂದ.

"ಈ ಹೊಲ ಯಾರದ್ರಿ?"

ಶೆಟ್ಟೆವ್ವ ಆಚೆ ಸಾಲಿನಲ್ಲಿ ಬಗ್ಗಿದ್ದಳು, ಕಾಣುತ್ತಿರಲಿಲ್ಲ. ಸೈದಾಬಿ ಕುಡುಗೋಲು ಹಿಡಿದುಕೊಂಡೇ ನಿಂತಳು. ಒಂದು ಹೆಸರು ಹೇಳಿದರೆ ಸಾಕಿತ್ತು. ಮೇಲಿನ ಪಟ್ಟಿಯವರೆಲ್ಲ ಕಳೆದುಕೊಂಡದ್ದನ್ನು ಉಳಿಸಿಕೊಂಡ ಒಬ್ಬಳೂ ಕಳೆದುಕೊಂಡವರೊಳಗೆ ಸೇರುತ್ತಿದ್ದಳು.

"ನೀರಿಂದ್ರಿ," ಎಂದಳು.

"ಬಿತ್ತಿದವರು?"

"ನೀರ ಬಿತ್ತೈತ್ರಿ. ನಾ ಎಮ್ಮಿಗೆ ಹುಲ್ಲ ಕೊಯ್ಯಾಕ ಬಂದೇನಿ."

ಆತ ಟ್ಯಾಬಿನ ಮೇಲೆ ಏನನ್ನೋ ಒತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸುತ್ತ ನೋಡಿ, ಮುಂದೆ ಹೋದ. ಆತ ಬಯಲು ದಾಟುವವರೆಗೆ ಶೆಟ್ಟೆವ್ವ ಏಳಲಿಲ್ಲ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಬಂದಳು.

"ಈಗ ಬಂತು ನಿನಗ ಹೇಳಾಕ."

"ಹೊರೀ ಎತ್ತು," ಎಂದಳು ಸೈದಾಬಿ, ಮೇವಿನ ಹೊರೆಯ ಮುಂದೆ ತಲೆಗೆ ಸಿಂಬಿ ಇಟ್ಟುಕೊಂಡು ಕುಳಿತು. ಶೆಟ್ಟೆವ್ವ ಎತ್ತಿಕೊಟ್ಟಳು. ಹೊರೆ ಹೊತ್ತು ಮನೆಗೆ ಹೋಗುವ ದಾರಿ ತನ್ನ ಹೊಲದ ಮೇಲಿನಿಂದಲೇ ಇತ್ತು. ಗರಸು ಚುಚ್ಚುತ್ತದೆಂದು ಸೈದಾಬಿ ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆದಳು.